ಫೈಬರ್ ಪ್ಯಾನಲ್ಲಿನ ಒಳಮೈ

ಆ ಮನುಷ್ಯ ಬಂದದ್ದು ನನ್ನನ್ನು ಹುಡುಕಿಕೊಂಡು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದರಲ್ಲೆಲ್ಲ ನನ್ನೊಳಗೆ ಕುದಿಯುತ್ತಿದ್ದದ್ದು ಇದೊಂದೇ ಮಾತು.

ಶ್ರೀನಿವಾಸಪುರದ ಹೊರಗೆ, ರಸ್ತೆಗೆ ಮುಖ ಮಾಡಿದ ನಮ್ಮ ಮನೆಯ ಮುಂದೆ ಶೀಟು ಹೊದಿಸಿದ ಜಾಗದಲ್ಲಿ ನನ್ನ ಹೊಲಿಗೆ ಮೆಷಿನ್ ಇದೆ. ಕಾರು, ಟೆಂಪೋಗಳ ಸೀಟಿಗೆ ರೆಕ್ಸಿನ್ ಕವರ್ ಹೊಲಿಯುವುದು ನನ್ನ ಕೆಲಸ. ಮಾವಿನಕಾಯಿ ಇನ್ನೂ ಬಲಿಯುತ್ತಿದ್ದ ಬೇಸಿಗೆಯ ಒಂದು ಬೆಳಿಗ್ಗೆ ಹಳೆಯ ಕಾರೊಂದು ಬಂದು ನಿಂತಿತು. ಓಡಿಸುತ್ತಿದ್ದವರು ಇಳಿಯಲಿಲ್ಲ. ಪಕ್ಕದಲ್ಲಿದ್ದ ಅವರ ಹೆಂಡತಿ ಇಳಿದು ಬಂದು, "ಅಕ್ಕಾ, ನಮ್ಮೋರಿಗೆ ಇಳಿಯೋಕಾಗಲ್ಲ, ನೀವೇ ಒಂಚೂರು ಬನ್ನಿ," ಅಂದರು.

ಯಲ್ದೂರು ಕಡೆಯವರು. ಸ್ವಂತ ಮಾವಿನ ತೋಪಿದೆ. ಹಿಂದಿನ ಫಸಲಿನಲ್ಲಿ ಕಾಯಿ ಕೀಳುವಾಗ ಕೊಂಬೆ ಮುರಿದು ಬಿದ್ದು, ಬೆನ್ನುಮೂಳೆಗೆ ಪೆಟ್ಟಾಗಿ, ಸೊಂಟದ ಕೆಳಗೆ ಏನು ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಹಾಗಂತ ಮನೆಯಲ್ಲಿ ಕೂರುವ ಆಸಾಮಿಯಲ್ಲ. ಮುಳಬಾಗಿಲಿನ ಒಬ್ಬ ಮೆಕ್ಯಾನಿಕ್ ಕೈಲಿ ಕಾರಿಗೆ ಲಿವರ್ ಹಾಕಿಸಿಕೊಂಡಿದ್ದರು. ಕೈಯಲ್ಲೇ ತಳ್ಳಿದರೆ ಬ್ರೇಕು, ಎಳೆದರೆ ಆಕ್ಸಿಲರೇಟರ್. ತೋಪಿಗೆ, ಮಾರುಕಟ್ಟೆಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು.

ಅವರಿಗೆ ಬೇಕಾಗಿದ್ದದ್ದು ಸೀಟು. ಕೂತಲ್ಲೇ ಕೂತು ಹುಣ್ಣಾಗದ ಹಾಗೆ ಮೆತ್ತನೆಯ ಪದರ ಕೊಟ್ಟು ಹೊಲಿಯಬೇಕು. ಅಳತೆ ತೆಗೆಯಲು ಬಾಗಿದಾಗ ಬಲಮೊಣಕಾಲಿನ ಮೇಲೆ ದಪ್ಪ ಬ್ಯಾಂಡೇಜು ಕಂಡಿತು. ಅದಕ್ಕೆ ಸರಿಯಾಗಿ ಮೇಲೆ, ಸ್ಟಿಯರಿಂಗ್ ಕೆಳಗಿನ ಪ್ಲಾಸ್ಟಿಕ್ ಪ್ಯಾನಲ್. ಲಿವರಿನ ಸರಳು ಆಡುವುದಕ್ಕೆ ಜಾಗ ಆಗಲಿ ಅಂತ ಮೆಕ್ಯಾನಿಕ್ ಅದನ್ನು ಗರಗಸದಲ್ಲಿ ಕೊಯ್ದಿದ್ದ. ಕೊಯ್ದ ಅಂಚು ಹಲ್ಲುಹಲ್ಲಾಗಿ ನಿಂತಿತ್ತು.

"ಅದೇ ಗೀರೋದು," ಅಂದರು ಅವರ ಹೆಂಡತಿ. "ಇವರಿಗೆ ಗೊತ್ತೇ ಆಗಲ್ಲ. ಮನೇಗ್ ಬಂದು ಪ್ಯಾಂಟ್ ಬದಲಾಯಿಸ್ವಾಗ ನೋಡಿದ್ರೆ ರಕ್ತ. ಒಂದ್ಸಲ ಕೀವು ತುಂಬಿ ಆಸ್ಪತ್ರೇಲೇ ಇದ್ವಿ. ಇನ್ನೊಂದ್ಸಲ ಹಿಂಗಾದ್ರೆ ಕಾಲು ಉಳಿಸೋದು ಕಷ್ಟ ಅಂದವ್ರೆ ಡಾಕ್ಟ್ರು."

"ಹೊಸಾ ಪ್ಯಾನಲ್ ಸಿಗಲ್ವಾ ಅಣ್ಣಾ?"

"ಈ ಕಾರೇ ಬರ್ತಿಲ್ಲಮ್ಮ ಈಗ. ಗುಜರೀಲೂ ಹುಡುಕ್ಸಿದೆ," ಅಂದರು ಅವರು. ಆಮೇಲೆ ನಮ್ಮ ಮನೆಯ ಹಿಂಬದಿಗೆ ಕತ್ತು ಚಾಚಿ, "ನಿಮ್ಮನೇಲಿ ಫೈಬರ್ ಮಾಡೋ ಹುಡುಗಿ ಅವ್ಳಂತಲ್ಲ, ಒಂಚೂರು ಕರೀರಿ," ಅಂದರು.

ನಮ್ಮನೇಲಿ ಫೈಬರ್ ಮಾಡುವ ಹುಡುಗಿ ಅಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮದುವೆಗೆ ಮುಂಚೆ ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಗಾಜಿನ ಎಳೆಗೆ ಅಂಟು ಕುಡಿಸಿ ಬಸ್ಸಿನ ಫೈಬರ್ ಭಾಗಗಳನ್ನು ಮಾಡುತ್ತಿದ್ದಳು. ಈ ಮನೆಗೆ ಬಂದಮೇಲೆ ಹಿತ್ತಲಿನ ಖಾಲಿ ದನದ ಕೊಟ್ಟಿಗೆಯನ್ನು ತೊಳೆದು, ಸುಣ್ಣ ಬಳಿದು, ಅಲ್ಲೇ ಕಾರಿನ ಸ್ಪೀಕರ್ ಬಾಕ್ಸು, ಬಂಪರು ಮಾಡಲು ಶುರು ಮಾಡಿದಳು. ಕಾರಿನ ಹುಚ್ಚಿನ ಹುಡುಗರು ಕೋಲಾರದಿಂದ, ಮದನಪಲ್ಲಿ ಕಡೆಯಿಂದ ಬರುತ್ತಿದ್ದರು. ಬಂದವರು ನನ್ನ ಮೆಷಿನ್ ಮುಂದೆಯೇ ಹಾದು, "ಅಕ್ಕಾ, ಫೈಬರ್ ಅಕ್ಕ ಅವ್ರಾ?" ಅಂತ ಕೇಳಿ ಒಳಗೆ ಹೋಗುತ್ತಿದ್ದರು. ನಾನು ಬರೀ ಅಕ್ಕ, ಅವಳು ಫೈಬರ್ ಅಕ್ಕ. ನಮ್ಮತ್ತೆಯಂತೂ ಬಂದವರಿಗೆಲ್ಲ, "ನಮ್ ಚಿನ್ನಕೋಡಲು ಮುಟ್ಟಿದ್ರೆ ಗಾಜೂ ಬಗ್ತದೆ," ಅಂತ ಹೇಳುತ್ತಿದ್ದರು. ಚಿನ್ನಕೋಡಲು ಅಂದರೆ ತೆಲುಗಿನಲ್ಲಿ ಚಿಕ್ಕ ಸೊಸೆ. ಆ ಮಾತನ್ನು ನಾನು ಹೊಲಿದ ಕುಶನ್ ಮೇಲೆ ಕೂತೇ ಹೇಳುತ್ತಿದ್ದರು.

ನನ್ನ ಬಾಯಿಂದ ಮಾತು ಹೊರಟೇ ಹೋಯಿತು. "ಪ್ಯಾನಲ್ಲೂ ನಾನೇ ಮಾಡ್ಕೊಡ್ತೀನಿ ಅಣ್ಣಾ. ಬಿಚ್ಚಿ ಕೊಟ್ಟು ಹೋಗಿ."

ಆ ಹೊತ್ತಿಗೆ ಓರಗಿತ್ತಿ ಒಗೆದ ಬಟ್ಟೆಯ ಬಕೆಟ್ ಹಿಡಿದು ಮನೆಯ ಪಕ್ಕದಿಂದ ಬಂದಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. "ಅಕ್ಕ ಮಾಡ್ತಾರೆ ಬಿಡಿ," ಅಂದಳು ಅವರಿಗೆ. ಆಮೇಲೆ ನನ್ನ ಕಡೆ ತಿರುಗಿ, "ಏನಾದ್ರೂ ಬೇಕಾದ್ರೆ ಕೇಳಿ ಅಕ್ಕಾ," ಅಂದಳು.

ಅವಳು ಬೇಡ ಅಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅವಳ ಸಾಮಾನು ಮುಟ್ಟಬಾರದು ಅಂತ ಕೋಲಾರಕ್ಕೆ ಬಸ್ಸು ಹತ್ತಿ ಹೋಗಿ ನಾನೇ ಎಲ್ಲ ತಂದೆ. ಜೇನುತುಪ್ಪದ ಹಾಗಿರುವ ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡ್ನರ್, ಆ ಕೆಲಸ ಚುರುಕು ಮಾಡುವ ಕೋಬಾಲ್ಟ್ ಅನ್ನುವ ನೇರಳೆ ಬಣ್ಣದ ದ್ರವ, ಗಾಜಿನ ಎಳೆಗಳನ್ನು ಒತ್ತಿ ಚಾಪೆಯಂತೆ ಮಾಡಿದ ಮ್ಯಾಟು, ಬ್ರಷ್ಷು, ಮೇಣ, ಗ್ಲೌಸು. ನಾನು ಮನೆಯಲ್ಲಿ ಮಾಡುವವಳು ಅಂತ ಗೊತ್ತಾದ ಕೂಡಲೇ ಅಂಗಡಿಯವನು ಹಾರ್ಡ್ನರ್, ಕೋಬಾಲ್ಟ್ ಬಾಟಲಿಗಳನ್ನು ಬೇರೆಬೇರೆ ಚೀಲಕ್ಕೆ ಹಾಕಿದ. "ಕೋಬಾಲ್ಟ್ ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ. ಆಮೇಲೇ ಹಾರ್ಡ್ನರ್. ಇವೆರಡನ್ನೂ ನೇರವಾಗಿ ಸೇರಿಸಿದ್ರೆ ಹತ್ಕೊಂಡು ಸಿಡಿಯುತ್ತೆ ಮೇಡಂ. ಮೂಗಿಗೆ ಒಳ್ಳೆ ಮಾಸ್ಕ್ ಇರಲಿ, ಬಟ್ಟೆ ಕಟ್ಕೊಂಡ್ರೆ ಸಾಲದು," ಅಂದ.

ಮಾಡುವ ಬಗೆ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಅಡುಗೆಮನೆಯ ಕಿಟಕಿಯಿಂದ ಕೊಟ್ಟಿಗೆ ಕಾಣಿಸುತ್ತದೆ. ನೋಡಬಾರದು ಅಂದುಕೊಂಡೇ ನಾನು ಎಷ್ಟೋ ಸಲ ನೋಡಿದ್ದೆ. ಫೋನಿನಲ್ಲಿ ವೀಡಿಯೋಗಳೂ ಇದ್ದವು. ಒಡೆದ ಪ್ಯಾನಲ್ಲಿಗೆ ರಟ್ಟು ಕೊಟ್ಟು, ಕಾರಿಗೆ ಪೇಂಟ್ ಮಾಡುವವರು ಬಳಸುವ ಪುಟ್ಟಿ ತುಂಬಿ ಮೊದಲಿನ ಆಕಾರಕ್ಕೆ ತರಬೇಕು. ಮೇಲೆ ಮೇಣ ಹಚ್ಚಬೇಕು. ಅದರ ಮೇಲೆ ರೆಸಿನ್ ಬಳಿದು ಮ್ಯಾಟ್ ಕೂರಿಸಿದರೆ ಅಚ್ಚು ಸಿಗುತ್ತದೆ. ಅಚ್ಚಿನ ಒಳಗೆ ಮತ್ತೆ ಅದೇ ಕೆಲಸ ಮಾಡಿದರೆ ಹೊಸ ಪ್ಯಾನಲ್. ಮನೆಯ ಮಾಳಿಗೆ ಮೇಲೆ ಹಳೆಯ ಮಂಚದ ಹಲಗೆ ಹಾಕಿ ಶುರು ಮಾಡಿದೆ.

ಪುಟ್ಟಿ ಚೆನ್ನಾಗಿ ಕೂತಿತು. ಮರಳುಕಾಗದದಲ್ಲಿ ಉಜ್ಜಿ ನುಣುಪು ಮಾಡಿದೆ. ಮೇಣ ಹಚ್ಚಿ ಒರೆಸಿದೆ. ರೆಸಿನ್‌ಗೆ ಕೋಬಾಲ್ಟ್ ಕಲಸಿ, ಚಳಿಗಾಲದಲ್ಲಿ ಓರಗಿತ್ತಿ ಎಷ್ಟು ಹಾರ್ಡ್ನರ್ ಹಾಕುತ್ತಿದ್ದಳೋ ಕಣ್ಣಂದಾಜಿನಲ್ಲಿ ಅಷ್ಟೇ ಹಾಕಿದೆ. ಮಾಳಿಗೆ ಹೆಂಚಿನಂತೆ ಕಾದಿದೆ, ಸೆಕೆಗೆ ರೆಸಿನ್ ಬೇಗ ಗಟ್ಟಿಯಾಗುತ್ತದೆ ಅನ್ನುವುದು ತಲೆಗೇ ಬರಲಿಲ್ಲ. ಮೊದಲ ಪದರ ಬಳಿದು ಮ್ಯಾಟ್ ಕೂರಿಸಿ ಎರಡನೆಯದಕ್ಕೆ ಬ್ರಷ್ ಅದ್ದಿದರೆ ಬಟ್ಟಲಲ್ಲಿದ್ದ ರೆಸಿನ್ ಬೆಲ್ಲದ ಪಾಕದಂತೆ ಎಳೆ ಬಂತು. ನೋಡನೋಡುತ್ತಿದ್ದಂತೆ ಹೊಗೆಯಾಡಿ, ಬಟ್ಟಲು ಬಿಸಿಯೇರಿ, ಪ್ಲಾಸ್ಟಿಕ್ ಸೊಟ್ಟಗಾಯಿತು. ಬ್ರಷ್ಷು ಅದರಲ್ಲೇ ಕಲ್ಲಾಗಿ ನಿಂತಿತು.

ಕೆಳಗಿನಿಂದ ಅತ್ತೆ ಕೂಗಿದರು. "ಏಮ್ಮಾ, ಅದೇನು ವಾಸನೆ?"

"ಏನಿಲ್ಲ ಅತ್ತೆ."

ಬಟ್ಟಲನ್ನು ನೀರಿನ ಬಕೆಟ್ಟಿಗೆ ಹಾಕಿದೆ. ಮುಂದಿನ ಸಲ ಹಾರ್ಡ್ನರ್ ಕಡಿಮೆ ಮಾಡಿ, ಬೆಳಗಿನ ತಂಪಿನಲ್ಲಿ, ಚಿಕ್ಕಚಿಕ್ಕ ಬಟ್ಟಲಲ್ಲಿ ಕಲಸಿದೆ. ಅಚ್ಚು ಗಟ್ಟಿಯಾಯಿತು. ಕೈಯಲ್ಲಿ ತಟ್ಟಿದರೆ ಟಕಟಕ ಅಂತು. ಆ ಶಬ್ದ ಕೇಳಿ ನನಗಾದ ಸಂತೋಷ ಹೇಳತೀರದು. ಇಷ್ಟೇನಾ ಇವಳ ವಿದ್ಯೆ ಅನ್ನಿಸಿತು.

ಆದರೆ ಅಚ್ಚು ಬಿಡಲಿಲ್ಲ. ಅಂಚಿಗೆ ಉಗುರು ಹಾಕಿದೆ, ಮರದ ಚಕ್ಕೆ ತೂರಿಸಿದೆ, ಸುತ್ತ ಬಿಸಿನೀರು ಹೊಯ್ದೆ. ಪುಟ್ಟಿ ಹಚ್ಚಿದ ಕಡೆಯೆಲ್ಲ ಮೇಣ ಸಾಲದೆ ಅಚ್ಚು ಕಚ್ಚಿಕೊಂಡಿತ್ತು. ಸಾಲದ್ದಕ್ಕೆ ಪ್ಯಾನಲ್ಲಿನ ಅಂಚು ಒಳಗೆ ಮಡಚಿಕೊಂಡಿದ್ದ ಜಾಗದಲ್ಲಿ ಫೈಬರ್ ಹಿಂದಕ್ಕೆ ಹೋಗಿ ಕೊಕ್ಕೆ ಹಾಕಿತ್ತು. ಸಿಟ್ಟಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಹಳೆಯ ಪ್ಲಾಸ್ಟಿಕ್ಕು ಅಡ್ಡಡ್ಡ ಸೀಳಿ ತುಂಡಾಗಿ ಬಂತು. ಅಚ್ಚೂ ಬಿರುಕು ಬಿಟ್ಟಿತು. ಈಗ ಅವರ ಕಾರಿಗೆ ಗೀರುವ ಪ್ಯಾನಲ್ಲೂ ಇರಲಿಲ್ಲ.

ಬಟ್ಟೆ ಒಣಹಾಕಲು ಮಾಳಿಗೆಗೆ ಬಂದ ಓರಗಿತ್ತಿ ತುಂಡುಗಳನ್ನು ನೋಡಿದಳು. ಬಗ್ಗಿ ಒಂದನ್ನು ತೆಗೆದುಕೊಂಡು ತಿರುಗಿಸಿ, "ಮೇಣ ಒಂದೇ ಸಲ ಹಚ್ಚಿದ್ರಾ ಅಕ್ಕಾ?" ಅಂದಳು.

"ನಿನ್ ಬಟ್ಟೆ ಒಣಗಾಕ್ಕೊಂಡು ಹೋಗೇ," ಅಂದೆ.

ಅವಳು ತುಂಡನ್ನು ಇದ್ದಲ್ಲೇ ಇಟ್ಟು ಹೋದಳು. ನಗಲಿಲ್ಲ. ನಕ್ಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮೈಯೆಲ್ಲ ಕಡಿತ. ಮ್ಯಾಟಿನ ಗಾಜಿನ ಎಳೆ ಸೀರೆಯ ನೆರಿಗೆಗೆ, ಕತ್ತಿನ ಮಡಿಕೆಗೆ ಹೊಕ್ಕಿತ್ತು. ಬಿಸಿನೀರು ಹಾಕಿಕೊಂಡೆ, ಇನ್ನೂ ಜಾಸ್ತಿಯಾಯಿತು. ಹಿತ್ತಲಲ್ಲಿ ಅವಳು ದಿನಾ ಕೆಲಸ ಮುಗಿಸಿ ತಣ್ಣೀರನ್ನೇ ಸುರಿದುಕೊಳ್ಳುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಅವಳ ಮುಂದೆ ಹೋಗಿ ಕೇಳುವುದಕ್ಕಿಂತ ಕಡಿತವೇ ವಾಸಿ ಅನ್ನಿಸುವಷ್ಟು ಹೊಟ್ಟೆಕಿಚ್ಚು ನನಗೆ.

ಸೀಟು ತಯಾರಾಗಿದೆ ಅಂತ ಹೇಳಿಕಳಿಸಿದ್ದರಿಂದ ಗಂಡ ಹೆಂಡತಿ ಬಂದರು. ಲಿವರಿನ ಸರಳು, ವೈರುಗಳು ಬಯಲಾಗಿದ್ದವು. ಮೊಣಕಾಲಿಗೆ ಟವೆಲ್ ಸುತ್ತಿ ದಾರದಲ್ಲಿ ಕಟ್ಟಿದ್ದರು. ಹೊಸ ಸೀಟಿನ ಮೇಲೆ ಕೂತು, "ಚೆನ್ನಾಗೈತಮ್ಮ," ಅಂದರು. ನಾನು ಒಡೆದ ಪ್ಯಾನಲ್ ತಂದು ತೋರಿಸಿದೆ.

ಅವರು ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಹೆಂಡತಿ ಅಂದರು. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೇಕಿತ್ತಕ್ಕಾ. ಗೊತ್ತಿರೋರು ಇದೇ ಮನೇಲಿದ್ರಲ್ಲ. ಇವರ ಕಾಲಿನ ಮೇಲಾ ನೀವು ಕಲಿಯೋದು?"

ಒಳಗೆ ಅತ್ತೆ ಕೆಮ್ಮಿದರು. ಕಿವಿ ಬಿಸಿಯಾಯಿತು. ಏನಾದರೂ ಮಾಡಬೇಕಲ್ಲ ಅಂತ ಕಾರಿನ ಬಾಗಿಲ ಹತ್ತಿರ ಮಂಡಿಯೂರಿ ಕೂತು, "ಬ್ರೇಕು ಪೂರ್ತಿ ಒತ್ತಿ ಅಣ್ಣಾ," ಅಂದೆ. ಅವರು ಲಿವರ್ ತಳ್ಳಿದರು. ಸರಳು ಕೆಳಗಿಳಿಯುವಾಗ ಅದರ ಮಧ್ಯದ ಕೀಲು ಹೊರಗೆ ಉಬ್ಬಿ ಬಂದು, ಅವರ ಮೊಣಕಾಲಿನ ಹತ್ತಿರದವರೆಗೂ ಬಂತು. ಬಿಟ್ಟರೆ ಮತ್ತೆ ಒಳಗೆ ಹೋಯಿತು. ಇನ್ನೊಮ್ಮೆ ಒತ್ತಿಸಿದೆ. ಮತ್ತೊಮ್ಮೆ.

ಆಗ ಅರ್ಥವಾಯಿತು. ನಾನು ಯಾವ ಆಕಾರವನ್ನು ನಕಲು ಮಾಡಲು ಒದ್ದಾಡಿದ್ದೆನೋ ಆ ಆಕಾರವೇ ಈ ಕಾರಿಗೆ ಈಗ ಆಗುವುದಿಲ್ಲ. ಅಚ್ಚು ಬಿಟ್ಟು ಬಂದಿದ್ದರೂ ಆ ಪ್ಯಾನಲ್ ಸರಳಿಗೆ ಅಡ್ಡ ಬರುತ್ತಿತ್ತು, ನಡುರಸ್ತೆಯಲ್ಲಿ ಬ್ರೇಕು ಪೂರ್ತಿ ಹಿಡಿಯುತ್ತಿರಲಿಲ್ಲ. ಬೇಕಾಗಿದ್ದದ್ದು ಬೇರೆ ಆಕಾರ. ಸರಳು ಆಡುವ ಕಡೆ ಹೊರಗೆ ಉಬ್ಬಿ, ಮೊಣಕಾಲಿನ ಕಡೆ ಒಳಗೆ ತಗ್ಗಿ, ಎಲ್ಲೂ ಮೂಲೆಯಿಲ್ಲದ್ದು. ಅಂಥ ಆಕಾರಕ್ಕೆ ಅಚ್ಚು ಎಲ್ಲಿಂದ ತರುವುದು?

ಸೀಟಿನ ಉಬ್ಬುತಗ್ಗಿಗೆ ನಾನು ಯಾವತ್ತೂ ಅಚ್ಚು ತಂದವಳಲ್ಲ. ಬಟ್ಟೆ ಎಳೆದು ಕೂರಿಸುತ್ತೇನೆ, ಅದೇ ಆಕಾರ ಹೇಳುತ್ತದೆ. ಫೋನಿನಲ್ಲಿ ಒಬ್ಬ ಸ್ಪೀಕರ್ ಬಾಕ್ಸಿಗೆ ಬಟ್ಟೆ ಬಿಗಿದು ರೆಸಿನ್ ಕುಡಿಸಿದ್ದನ್ನು ನೋಡಿ, ಇದೆಲ್ಲ ಹುಡುಗಾಟ ಅಂತ ಮುಂದೆ ಸರಿಸಿದ್ದೆ. ಓರಗಿತ್ತಿ ಹಾಗೆ ಮಾಡುತ್ತಿರಲಿಲ್ಲ ಅನ್ನುವುದೊಂದೇ ಅದನ್ನು ಬಿಟ್ಟದ್ದಕ್ಕೆ ಕಾರಣ. ಅವಳು ಮಾಡುವುದನ್ನೇ ಮಾಡಿ ಅವಳನ್ನು ಮೀರಿಸಬೇಕಾಗಿತ್ತು ನನಗೆ.

"ಅಣ್ಣಾ, ಇವತ್ತೊಂದಿನ ಕಾರಲ್ಲಿ ಕೂತಿರೋಕಾಗುತ್ತಾ? ಹೊಸಾ ಸೀಟು, ನೋಯಲ್ಲ," ಅಂದೆ.

"ನೋವು ಗೊತ್ತಾದ್ರಲ್ವೇನಮ್ಮ," ಅಂತ ಅವರು ನಕ್ಕರು. ಅವರ ಹೆಂಡತಿ ನಗಲಿಲ್ಲ. ಮಧ್ಯೆಮಧ್ಯೆ ಅವರನ್ನು ಸ್ವಲ್ಪ ಎತ್ತಿ ಪಕ್ಕಕ್ಕೆ ಸರಿಸಿ ಕೂರಿಸುತ್ತಾ, ನನ್ನ ಕೈಯನ್ನೇ ನೋಡುತ್ತಿದ್ದರು.

ಹಳೆಯ ಸ್ಕ್ರೂ ತೂತುಗಳಿಗೆ ಸರಿಯಾಗಿ ಪ್ಲೈವುಡ್ ಪಟ್ಟಿಗಳನ್ನು ಕೂರಿಸಿದೆ. ದಪ್ಪ ಕಬ್ಬಿಣದ ತಂತಿ ಬಗ್ಗಿಸಿ, ಸರಳು ಎಷ್ಟು ಹೊರಗೆ ಬರುತ್ತದೋ ಅದಕ್ಕಿಂತ ಒಂದು ಬೆರಳು ಹೆಚ್ಚಿಗೆ ಬಿಟ್ಟು ಕಮಾನು ಕಟ್ಟಿದೆ. ಅವರು ಲಿವರ್ ಒತ್ತುವುದು, ನಾನು ತಂತಿ ಸರಿಸುವುದು, ಮತ್ತೆ ಒತ್ತುವುದು. ಮೊಣಕಾಲಿಗೂ ತಂತಿಗೂ ನಡುವೆ ನನ್ನ ಅಂಗೈ ಆರಾಮಾಗಿ ಹೋಗಿ ಬರಬೇಕು. ಬಿಸಿಲು ಇಳಿಯುವ ಹೊತ್ತಿಗೆ ಚೌಕಟ್ಟು ಸಿಕ್ಕಿತು. ಅವರನ್ನು ಕಳಿಸಿ, ಚೌಕಟ್ಟನ್ನು ಬಿಚ್ಚಿ ಇಟ್ಟುಕೊಂಡೆ.

ಟೀ ಶರ್ಟಿನ ಬಟ್ಟೆ, ಎಳೆದರೆ ಎಲ್ಲ ಕಡೆಗೂ ಹಿಗ್ಗುವಂಥದ್ದು, ಅದರ ಮೇಲೆ ಬಿಗಿದೆ. ಇದು ನನ್ನ ಕೆಲಸ. ಎಲ್ಲಿ ಎಳೆದರೆ ಎಲ್ಲಿ ಸುಕ್ಕು ಹೋಗುತ್ತದೆ ಅಂತ ಬೆರಳಿಗೇ ಗೊತ್ತು. ಕಮಾನಿನ ಪಕ್ಕ ಒಂದು ಸುಕ್ಕು ಹಟ ಮಾಡಿತು, ಹಿಂದಿನಿಂದ ಕತ್ತರಿ ಹಾಕಿ ಸಣ್ಣ ಮಡಿಕೆ ಕೊಟ್ಟು ಹೊಲಿದೆ. ಸ್ಟೇಪಲ್ ಗನ್ನಿನಿಂದ ಪಿನ್ ಹೊಡೆದು ಮುಗಿಸಿದಾಗ ಬಟ್ಟೆ ಡೋಲಿನ ಚರ್ಮದಂತೆ ನಿಂತಿತು. ಬೆಳಗಿನ ತಂಪಿನಲ್ಲಿ ರೆಸಿನ್ ಕಲಸಿ, ಬಟ್ಟೆಗೆ ಕುಡಿಸಿದೆ. ಬಟ್ಟೆ ಒದ್ದೆಯಾಗಿ ಬಣ್ಣ ಕಪ್ಪಾಗಿ, ಮಧ್ಯಾಹ್ನದ ಹೊತ್ತಿಗೆ ಚಿಪ್ಪಿನಂತೆ ಗಟ್ಟಿಯಾಯಿತು. ಹಿಂದಿನಿಂದ ಮ್ಯಾಟ್ ತುಂಡುಗಳನ್ನು ಹರಿದು, ಕತ್ತರಿಸದೆ ಹರಿದು, ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಪದರ ಪದರ ಕೂರಿಸಿದೆ. ಬ್ರಷ್ಷಿನ ತುದಿಯಿಂದ ಕುಟ್ಟಿಕುಟ್ಟಿ ಗಾಳಿಗುಳ್ಳೆ ಓಡಿಸಿದೆ. ಮುಂಬದಿಗೆ ಪುಟ್ಟಿ, ಉಜ್ಜುವುದು, ಮತ್ತೆ ಪುಟ್ಟಿ, ನೀರು ಹಾಕಿ ಉಜ್ಜುವುದು. ಕಡೆಗೆ ಡ್ಯಾಶ್‌ಬೋರ್ಡಿನ ಬೂದು ಬಣ್ಣ.

ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು. "ಕಂಪ್ನಿ ಮಾಲೇ ಇದು! ನೀನಾ ಮಾಡಿದ್ದು?"

ಆ ‘ನೀನಾ’ ಒಂಚೂರು ಚುಚ್ಚಿದರೂ ನನ್ನ ಎದೆ ಉಬ್ಬಿತು. ಓರಗಿತ್ತಿ ಕೊಟ್ಟಿಗೆಯಿಂದ ಬರುವುದನ್ನು ನೋಡಿ, ಬೇಕಂತಲೇ ಪ್ಯಾನಲ್ಲನ್ನು ಅವಳಿಗೆ ಕಾಣುವ ಹಾಗೆ ತಿರುಗಿಸಿದೆ.

ಅವಳು ಹೊರಮೈ ನೋಡಿದ್ದು ಒಂದೇ ಗಳಿಗೆ. "ಉಬ್ಬಿನ ಹತ್ರ ಬಟ್ಟೆಗೆ ಮಡಿಕೆ ಕೊಟ್ಟಿರ್ಬೇಕಲ್ಲ, ಎಲ್ಲಿ ಅಂತ ಗೊತ್ತೇ ಆಗ್ತಿಲ್ಲ," ಅಂದಳು. ಆಮೇಲೆ ಅದನ್ನು ಬೋರಲು ಹಾಕಿ, ಕೈಯ ಹಿಂಬದಿಯನ್ನು ಒಳಮೈ ಮೇಲೆ ನಿಧಾನಕ್ಕೆ ಎಳೆದಳು. ಅಂಚಿನ ಉದ್ದಕ್ಕೂ ಎಳೆದಳು. ಕೈ ಎತ್ತಿ ನನಗೆ ತೋರಿಸಿದಳು. ಚರ್ಮದ ಮೇಲೆ ಕೂದಲಂಥ ಕೆಂಪು ಗೀರುಗಳು.

"ಇದನ್ನ ಹಿಂಗೇ ಕೊಡ್ಬೇಡಿ ಅಕ್ಕಾ."

"ಯಾಕೆ? ಒಳಗಡೆ ಯಾರು ಮುಟ್ತಾರೆ?"

"ಅವರ ಹೆಂಡ್ತಿ ಕಾಲು ಎತ್ತಿ ಒಳಗಿಡ್ತಾರಲ್ಲ, ಆಗ ಮೊಣಕಾಲು ಇದರ ಅಡಿಯಿಂದ್ಲೇ ಹೋಗ್ಬೇಕು. ಕೆಳಗಿನ ಅಂಚೂ ಹಂಗೇ ಐತೆ."

ನನಗೆ ಸಿಟ್ಟು ನೆತ್ತಿಗೇರಿತು. "ಹೊಟ್ಟೆ ಉರೀತಾ ಐತೇನೇ ನಿಂಗೆ? ನಾನೊಂದು ಮಾಡಿದ್ದು ಚೆನ್ನಾಗಾಯ್ತು ಅಂತ?"

ಅತ್ತೆ ನನ್ನ ಮುಖ ನೋಡಿದರು. ಓರಗಿತ್ತಿಯ ಕಣ್ಣು ತುಂಬಿತು, ಆದರೆ ದನಿ ಏರಲಿಲ್ಲ. "ನಮಗೆ ಚುಚ್ಚಿದ್ರೆ ಕೈ ತಕ್ಕೊಂತೀವಿ. ಅವರು ತಕ್ಕೊಳಲ್ಲ," ಅಂದು ಕೊಟ್ಟಿಗೆಗೆ ಹೊರಟುಹೋದಳು.

ಅವಳದ್ದು ಅಸೂಯೆಯೇ ಅಂತ ಸಾಬೀತು ಮಾಡಬೇಕಿತ್ತು ನನಗೆ. ಗಂಡನ ಹಳೆಯ ನೈಲಾನ್ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಒಳಮೈ ಸವರಿದೆ. ಕಾಲುಚೀಲ ಹೆಜ್ಜೆಹೆಜ್ಜೆಗೂ ಸಿಕ್ಕಿಕೊಂಡಿತು. ಎಳೆದರೆ ದಾರ ಕಿತ್ತು ಬಂತು. ಬೆಳಕಿಗೆ ಹಿಡಿದು ಓರೆಯಾಗಿ ನೋಡಿದೆ. ರೆಸಿನ್ ಕುಡಿದು ನೆಟ್ಟಗೆ ನಿಂತ ಗಾಜಿನ ಎಳೆಗಳು, ಸೂಜಿಗಳ ಹಾಗೆ, ಒಳಗೆಲ್ಲ.

ಉಜ್ಜಿ ನೋಡಿದೆ. ಒಂದು ಕಡೆ ನುಣುಪಾದರೆ ಇನ್ನೊಂದು ಕಡೆ ಹೊಸ ಎಳೆ ಏಳುತ್ತಿತ್ತು. ಒಳಗೆ ರೆಕ್ಸಿನ್ ಅಂಟಿಸಿಬಿಡೋಣ ಅಂದುಕೊಂಡೆ, ಅದು ನನ್ನ ಕೈಯಲ್ಲೇ ಇದ್ದ ಕೆಲಸ. ಒಂದು ತುಂಡು ಅಂಟಿಸಿ ಬಿಸಿಲಲ್ಲಿ ಇಟ್ಟೆ. ಸಂಜೆಗೆ ಅಂಟು ಮೆತ್ತಗಾಗಿ ಮೂಲೆ ಸುರುಳಿ ಸುತ್ತಿಕೊಂಡಿತ್ತು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ಕಳಚಿ ಸರಳಿಗೆ ಸುತ್ತಿಕೊಂಡರೆ ಗತಿಯೇನು?

ಪ್ಯಾನಲ್ ಹೊರಗಿನಿಂದ ಅಷ್ಟು ಚೆನ್ನಾಗಿತ್ತು. ಮರುದಿನ ಕೊಟ್ಟು ಕಳಿಸಿದ್ದರೆ ಯಾರೂ ಒಳಗೆ ಕೈ ಹಾಕಿ ನೋಡುತ್ತಿರಲಿಲ್ಲ. ಕೊಟ್ಟರೆ ಹೆಸರು ನನ್ನೊಬ್ಬಳದೇ. ಇದನ್ನು ನಾನು ಯೋಚಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ಹೆಂಗಸು ಪ್ಯಾಂಟ್ ಬದಲಾಯಿಸುವಾಗ ರಕ್ತ ನೋಡುವ ಚಿತ್ರ ಕಣ್ಣಿಂದ ಹೋಗಲಿಲ್ಲ. ಬೆಳಿಗ್ಗೆ ಅದನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೋದೆ. ಅವಳು ಬಂಪರ್ ಒಂದಕ್ಕೆ ಮೇಣ ತಿಕ್ಕುತ್ತಿದ್ದಳು.

"ಒಳಗಡೆ ಏನ್ ಮಾಡ್ಬೇಕು?" ಅಂದೆ. ಕ್ಷಮಿಸು ಅನ್ನುವ ಮಾತು ಬಾಯಿಗೆ ಬರಲಿಲ್ಲ.

ಅವಳು ಕೈ ಒರೆಸಿಕೊಂಡು ಪ್ಯಾನಲ್ ತೆಗೆದುಕೊಂಡಳು. "ನೀವು ಮಾಡ್ತೀರೋ, ನಾನು ಮಾಡ್ಲೋ?"

ಆ ಪ್ರಶ್ನೆಗೆ ಉತ್ತರ ಹೇಳುವುದು ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟವಾಯಿತು. ಮಾಡಿ ಕೆಡಿಸಲು ನನ್ನ ಹತ್ತಿರ ಇನ್ನೊಂದು ಪ್ಯಾನಲ್ ಇರಲಿಲ್ಲ. "ನೀನೇ ಮಾಡು. ನಾನು ನೋಡ್ತೀನಿ," ಅಂದೆ.

ಅವಳು ಮೊದಲು ಒಳಮೈಯನ್ನು ಒರಟು ಕಾಗದದಲ್ಲಿ ಉಜ್ಜಿದಳು, ನೀರು ಚಿಮುಕಿಸಿ, ಧೂಳು ಏಳದ ಹಾಗೆ. ಒರೆಸಿ ಒಣಗಿಸಿದಳು. ಮಲ್ಲಿನ ಬಟ್ಟೆಯಷ್ಟು ತೆಳುವಾದ ಗಾಜಿನ ಹಾಳೆಯನ್ನು, ಟಿಶ್ಯೂ ಅನ್ನುತ್ತಾರೆ ಅದಕ್ಕೆ, ರೆಸಿನ್ ಹಚ್ಚಿ ಒಳಗೆಲ್ಲ ಹೊದಿಸಿದಳು. ಅದು ಎಳೆಗಳನ್ನೆಲ್ಲ ಒತ್ತಿ ಮಲಗಿಸಿತು. ಅದು ಕೂತಮೇಲೆ ಕೊನೆಯ ಪದರಕ್ಕೆ ಬಳಿಯುವ ಜೆಲ್ ಕೋಟ್ ಅನ್ನುವ ದಪ್ಪ ರೆಸಿನ್‌ಗೆ ಸ್ವಲ್ಪ ಮೇಣದ ದ್ರಾವಣ ಬೆರೆಸಿ ಬಳಿದಳು. ಮೇಣ ಇಲ್ಲದಿದ್ದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದಂತೆ. ಒಂದು ತೊಟ್ಟು ಕೆಳಗೆ ಬೀಳಲಿಲ್ಲ. ಬ್ರಷ್ಷು ಹೋದ ದಾರಿಯಲ್ಲಿ ಮತ್ತೆ ಹೋಗಲಿಲ್ಲ. ನಾನು ಬಾಗಿಲ ಹತ್ತಿರ ನಿಂತು ಆ ಕೈಗಳನ್ನೇ ನೋಡುತ್ತಿದ್ದೆ. ಕಿಟಕಿಯಿಂದ ನೋಡುತ್ತಿದ್ದಾಗ ಕಣ್ಣಿಗೆ ಕುಕ್ಕುತ್ತಿದ್ದದ್ದು ಬಂದುಹೋಗುವ ಗಿರಾಕಿಗಳು. ಹತ್ತಿರದಿಂದ ಕೈ ಕಂಡಿತು. ಹೊಟ್ಟೆಕಿಚ್ಚು ಕಡಿಮೆಯಾಯಿತು ಅಂತ ಹೇಳಲಾರೆ. ಇನ್ನೂ ಹೆಚ್ಚಾಯಿತು. ಆದರೆ ಈಗ ಅದಕ್ಕೊಂದು ಸರಿಯಾದ ಕಾರಣ ಇತ್ತು.

ಗಟ್ಟಿಯಾದಮೇಲೆ ಅವಳು ಅಂಚುಗಳನ್ನು ದುಂಡಗೆ ಉಜ್ಜಿದಳು. ನಾನು ಅದರ ಸುತ್ತ ಮೆತ್ತನೆಯ ರಬ್ಬರ್ ಬೀಡಿಂಗ್ ಪಟ್ಟಿ ಕೂರಿಸಿ ಬಿಗಿದೆ. ಕೊನೆಗೆ ಅವಳು ಕಾಲುಚೀಲ ಕೇಳಿದಳು. ನಾನು ಅದರಲ್ಲಿ ನೋಡಿದ್ದು ಅವಳಿಗೆ ಹೇಗೆ ಗೊತ್ತಾಯಿತೋ. ಒಳಗೆ, ಅಂಚಿಗೆ, ಸ್ಕ್ರೂ ತೂತಿನ ಸುತ್ತ ಸವರಿದಳು. ಎಲ್ಲೂ ಸಿಕ್ಕಲಿಲ್ಲ.

ಗಂಡ ಹೆಂಡತಿ ಬಂದ ದಿನ ನಾನೇ ಕೂತು ಸ್ಕ್ರೂ ಹಾಕಿದೆ. ಅವರು ಬ್ರೇಕು ಪೂರ್ತಿ ಒತ್ತಿದರು. ಸರಳಿನ ಕೀಲು ಉಬ್ಬಿನೊಳಗೆ ಬಂದು, ಎಲ್ಲೂ ತಾಗದೆ ವಾಪಸು ಹೋಯಿತು. ಅವರ ಹೆಂಡತಿ ತಮ್ಮ ಕೈಯನ್ನೇ ಒಳಗೆ ತೂರಿಸಿ, ಅಂಗೈ, ಮುಂಗೈ ಎಲ್ಲ ತಿರುಗಿಸಿ ಮುಟ್ಟಿ ನೋಡಿದರು. ಹೊರಗೆ ಎಷ್ಟು ಚೆನ್ನಾಗಿದೆ ಅಂತ ಆಕೆ ಒಂದು ಮಾತೂ ಆಡಲಿಲ್ಲ. ಮುಳಬಾಗಿಲಿಗೆ ಹೋಗಿ ಆ ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿ, ಲಿವರ್ ಪರೀಕ್ಷೆ ಮಾಡಿಸಿಯೇ ಓಡಿಸಿ ಅಂತ ಹೇಳಿ ಕಳಿಸಿದೆ.

ಮಾವಿನ ಫಸಲೆಲ್ಲ ಮುಗಿದಮೇಲೆ ಒಂದು ದಿನ ಆ ಕಾರು ಮತ್ತೆ ಬಂತು. ಅವರು ಬಾಗಿಲು ತೆಗೆದು, ಕೂತಲ್ಲೇ ಪ್ಯಾಂಟ್ ಮೇಲೆತ್ತಿ ಮೊಣಕಾಲು ತೋರಿಸಿದರು. ಹಳೆಯ ಗಾಯದ ಜಾಗದಲ್ಲಿ ತಿಳಿಗುಲಾಬಿ ಬಣ್ಣದ ಹೊಸ ಚರ್ಮ. ಬೇರೆ ಒಂದು ಗೀರೂ ಇಲ್ಲ. ಸೀಸನ್ ಪೂರ್ತಿ ತೋಪಿಗೂ ಮಾರುಕಟ್ಟೆಗೂ ತಾವೇ ಓಡಿಸಿದ್ದರಂತೆ.

"ಹುತ್ತೂರು ಕಡೆ ಒಬ್ರು ಅವ್ರೆ ಕಣಮ್ಮ, ನನ್ ಥರಾನೇ. ಅವರೂ ಲಿವರ್ ಹಾಕ್ಸವ್ರೆ. ನನ್ ಪ್ಯಾನಲ್ ನೋಡಿ ನಂಗೂ ಬೇಕು ಅಂದ್ರು," ಅಂದರು. "ಯಾರನ್ನ ಕೇಳು ಅಂತ ಹೇಳ್ಲಿ?"

ಓರಗಿತ್ತಿ ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದಳು. ನಾನು ತಿರುಗಿ ನೋಡಲಿಲ್ಲ. ‘ನನ್ನನ್ನೇ’ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಬಂದದ್ದು ನನ್ನನ್ನು ಹುಡುಕಿಕೊಂಡು, ಆಕಾರ ನನ್ನದು, ಮಡಿಕೆ ನನ್ನದು. ಅವರ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಇವಳನ್ನ ಕೇಳೋಕೆ ಹೇಳಿ ಅಣ್ಣಾ," ಅಂದೆ. "ಬಟ್ಟೆ ಎಳೆಯೋಕೆ ಇವಳು ನನ್ನ ಕರೀತಾಳೆ."

ಅವರು ಇಬ್ಬರಿಗೂ ಕೈ ಮುಗಿದರು. ಅವಳ ಕಡೆ ಒಂದು ಗಳಿಗೆ ಹೆಚ್ಚಿಗೇ ಮುಗಿದ ಹಾಗೆ ನನಗೆ ಕಂಡಿತು. ಕಾರು ರಸ್ತೆಗೆ ಹತ್ತಿದಮೇಲೆ ತಿರುಗಿ ಅವಳನ್ನು ಕೇಳಿದೆ.

"ಕರೀತೀಯ ತಾನೇ?"

"ಕರೀದೆ ಇದ್ರೆ ನೀವು ಬಿಡ್ತೀರಾ ಅಕ್ಕಾ?" ಅಂದಳು. ಅತ್ತೆ ಒಳಗಿಂದ ಗಟ್ಟಿಯಾಗಿ ನಕ್ಕರು.

ನನಗೆ ನಗು ಬರಲಿಲ್ಲ. ಮೆಷಿನ್ ಮುಂದೆ ಕೂತು, ಅರ್ಧಕ್ಕೆ ನಿಲ್ಲಿಸಿದ್ದ ಟೆಂಪೋ ಸೀಟಿನ ಹೊಲಿಗೆಯನ್ನು ಸೂಜಿಯಡಿಗೆ ತಂದೆ. ಸ್ವಲ್ಪ ಹೊತ್ತಿಗೆ ಅವಳು ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಉಬ್ಬಿನ ಹತ್ತಿರ ನಾನು ಬಟ್ಟೆಯನ್ನು ಹೇಗೆ ಮಡಚುತ್ತೇನೆ ಅಂತ ಬಗ್ಗಿ ನೋಡತೊಡಗಿದಳು. ಮುಚ್ಚಿಕೊಳ್ಳೋಣ ಅನ್ನಿಸಿತು. ಮುಚ್ಚಲಿಲ್ಲ, ಆದರೆ ಸ್ವಲ್ಪ ಬೇಗಬೇಗ ಹೊಲಿದೆ.